ನಾಲ್ಕು ಬಲೂನುಗಳು

ಯಾವ ಕೋಣೆಗೆ ಕಾಲಿಟ್ಟರೂ ಅವರು ಮೊದಲು ಒಂದು ಚಪ್ಪಾಳೆ ಹೊಡೆಯುತ್ತಿದ್ದರು. ಒಂದೇ ಒಂದು. ಆಮೇಲೆ ತಲೆಯನ್ನು ಸ್ವಲ್ಪ ವಾಲಿಸಿ, ನೆಲ ನೋಡುತ್ತಾ, ಆ ಸದ್ದು ಪೂರ್ತಿ ಅಡಗುವವರೆಗೆ ನಿಂತಿರುತ್ತಿದ್ದರು. ನನ್ನ ಹೆಂಡತಿಯ ಸೀಮಂತಕ್ಕೆ ಬಂದ ದಿನವೂ ಹಾಗೇ ಮಾಡಿದರು. ನಾವು ಬಾಡಿಗೆಗೆ ಹಿಡಿದಿದ್ದ ಹಾಲ್‌ನ ಬಾಗಿಲಲ್ಲಿ ಚಪ್ಪಾಳೆ ಕೇಳಿಸಿದ್ದೇ ತಡ, ಒಳಗಿದ್ದ ನಲವತ್ತು ಜನ ಇದೇನೋ ಶಾಸ್ತ್ರವಿರಬೇಕೆಂದು ತಾವೂ ಚಪ್ಪಾಳೆ ತಟ್ಟಿದರು. ಅವರು ಪೆಚ್ಚಾಗಿ ನನ್ನ ಕಡೆ ತಿರುಗಿ, "ಅಯ್ಯೋ, ಎಣಿಸ್ತಿದ್ದೆ ಕಣ್ರೀ, ಎಲ್ಲ ಕೆಟ್ಟೋಯ್ತು," ಅಂದರು.

ಹಾಸನದ ಕಡೆಯವರು. ನನಗಿಂತ ಹದಿನೆಂಟು ವರ್ಷ ದೊಡ್ಡವರು. ನಾನು ಮೇಡಂ ಎಂದೇ ಕರೆಯುತ್ತಿದ್ದೆ. ಅಮೆರಿಕದ ಕಚೇರಿಯಲ್ಲಿ ಹಾಗೆ ಯಾರೂ ಯಾರನ್ನೂ ಕರೆಯುವುದಿಲ್ಲವಾದ್ದರಿಂದ, ನಮ್ಮ ರಿಸೆಪ್ಷನ್‌ನ ಹುಡುಗಿ ಬಹಳ ದಿನ ಅದನ್ನೇ ಅವರ ಮನೆತನದ ಹೆಸರೆಂದುಕೊಂಡಿದ್ದಳು.

ಕ್ಯಾನ್ಯನ್ ಪಾರ್ಕ್‌ನಲ್ಲಿ ಔಷಧ ಕಂಪನಿಗಳ ದೊಡ್ಡ ಕಟ್ಟಡಗಳ ನಡುವೆ ನಮ್ಮದು ಹನ್ನೆರಡು ಜನರ ಪುಟ್ಟ ಕಚೇರಿ. ಕಟ್ಟಡಗಳ ಒಳಗೆ ಸದ್ದು ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ಯೋಜಿಸುವುದು ಒಂದು ಕೆಲಸ. ಹೊಸದಾಗಿ ಬಂದವರು ದಾರಿ ತಪ್ಪದಂತೆ ಫಲಕಗಳನ್ನು ಹಾಕಿಸುವುದು ಇನ್ನೊಂದು. ಹತ್ತಿರದ ರೆಡ್ಮಂಡ್‌ನ ಕನ್ನಡದವರ ಕೂಟಗಳಲ್ಲಿ ಎಲ್ಲರೂ ಸಾಫ್ಟ್‌ವೇರಿನವರು, "ಯಾವ ಟೀಮು?" ಎಂದು ಕೇಳುವವರೇ. ಮೇಡಂ ತಮ್ಮ ಕೆಲಸ ವಿವರಿಸಿದಾಗ ಒಬ್ಬರು, "ಬೋರ್ಡ್ ಬರೆಸೋ ಕೆಲ್ಸಕ್ಕೂ ವೀಸಾ ಕೊಡ್ತಾರಾ?" ಎಂದು ನಿಜವಾಗಿಯೂ ಅಚ್ಚರಿಪಟ್ಟಿದ್ದರು. ಮೇಡಂ ನಗುತ್ತಲೇ, "ಕೊಡ್ತಾರೆ. ವಾಪಸ್ ಹೋಗೋ ದಾರಿಗೆ ಮಾತ್ರ ಬೋರ್ಡ್ ಹಾಕಿರಲ್ಲ," ಅಂದರು.

ಕೆಲಸ ಕಲಿಸುವಾಗ ಅವರು ಪುಸ್ತಕದ ಮಾತು ಆಡುತ್ತಿರಲಿಲ್ಲ. "ಸದ್ದನ್ನ ತಡೆಯೋಕೆ ಹೋಗ್ಬೇಡಿ, ಅದಕ್ಕೆ ಸಾಯೋಕೆ ಒಂದು ಜಾಗ ಕೊಡಿ," ಎನ್ನುವರು. ಫಲಕದ ವಿಷಯಕ್ಕೆ ಬಂದರೆ, "ಇಡೀ ದಿನ ಅಲ್ಲೇ ನಿಂತು ದಾರಿ ಹೇಳೋಕೆ ನಮಗೆ ಆಗಲ್ಲ. ಅದಕ್ಕೆ ಬೋರ್ಡ್ ನಿಲ್ಲಿಸ್ತೀವಿ. ಅದು ಸುಳ್ಳು ಹೇಳಿದ್ರೆ ನಾವು ಸುಳ್ಳು ಹೇಳಿದ ಹಾಗೆ." ನನ್ನ ಮೊದಲ ನಕ್ಷೆಯಲ್ಲಿ ಒಂದು ಬಾಣದ ಗುರುತು ಲಿಫ್ಟಿನ ಬದಲು ಗೋಡೆಯ ಕಡೆ ತಿರುಗಿತ್ತು. ಅವರು ಬೈಯಲಿಲ್ಲ. ನನ್ನನ್ನು ಆ ಕಟ್ಟಡಕ್ಕೇ ಕರೆದುಕೊಂಡು ಹೋಗಿ, ಬಾಣ ಹೇಳಿದಂತೆ ನಡೆಸಿ, ಮೂಗು ಗೋಡೆಗೆ ತಾಗುವವರೆಗೆ ನಿಲ್ಲಲು ಬಿಡಲಿಲ್ಲ.

ಊರಿಗೆಲ್ಲ ನಿಶ್ಶಬ್ದ ಕಟ್ಟಿಕೊಡುವ ಈ ಹೆಂಗಸಿನ ಬಾಡಿಗೆ ಮನೆ ಕೆನ್ಮೋರ್‌ನಲ್ಲಿ ಹೆದ್ದಾರಿಗೆ ಮುಖ ಮಾಡಿತ್ತು. ಫೋನಿನಲ್ಲಿ ಮಾತಾಡಬೇಕೆಂದರೆ ಬಚ್ಚಲಿಗೆ ಹೋಗುತ್ತಿದ್ದರು. ಗೋಡೆಗೆ ಮೊಳೆ ಹೊಡೆಯಬಾರದು, ಕಿಟಕಿ ಬದಲಿಸಬಾರದು ಎಂದು ಮನೆಯ ಕರಾರು. ಅದಕ್ಕೆ ಹಳೆಯ ಹಾಸಿಗೆಯೊಂದನ್ನು ಕಿಟಕಿಗೆ ಒರಗಿಸಿ, ಪುಸ್ತಕದ ಕಪಾಟನ್ನು ಅದಕ್ಕೆ ಒತ್ತಿ ನಿಲ್ಲಿಸಿದ್ದರು. ಹಗಲಿನಲ್ಲೂ ದೀಪ ಹಾಕಿಕೊಂಡೇ ಇರಬೇಕು. ಮನೆಯನ್ನೇ ಕೊಳ್ಳಬಹುದಲ್ಲ ಎಂದು ಒಮ್ಮೆ ಕೇಳಿದೆ.

"ಮೂರು ವರ್ಷಕ್ಕೊಂದು ಸಲ ಇನ್ನೂ ಇರ್ಬಹುದಾ ಅಂತ ಕೇಳ್ಕೊಂಡು ಇರೋಳು ನಾನು. ಮನೆ ತಗೊಂಡು ಏನ್ಮಾಡ್ಲಿ? ಕಾರು ತಗೊಂಡಿದೀನಿ ನೋಡಿ. ಅದು ಹೊರಡೋಕೆ ಅಂತಾನೇ ಇರೋದು."

ಅವರ ವೀಸಾ ಕೆಲಸಕ್ಕೆ ಕಟ್ಟಿದ ವೀಸಾ; ನನ್ನದೂ ಅದೇ. ಕೆಲಸ ಹೋದರೆ ಅರವತ್ತು ದಿನ ಸಮಯ. ಅಷ್ಟರಲ್ಲಿ ಇನ್ನೊಂದು ಕಂಪನಿ ಕೈಹಿಡಿಯದಿದ್ದರೆ ದೇಶ ಬಿಡಬೇಕು. ಹದಿನೈದು ವರ್ಷದಿಂದ ಅವರು ಅದೇ ಕಚೇರಿಯಲ್ಲಿ, ಅದೇ ಹುದ್ದೆಯಲ್ಲಿ, ಗ್ರೀನ್ ಕಾರ್ಡಿನ ಸರದಿಯಲ್ಲಿ ಕಾಯುತ್ತಿದ್ದರು. ಗಂಡ ಎಂದೋ ಬೆಂಗಳೂರಿಗೆ ಮರಳಿದ್ದರು. ಅದರ ಬಗ್ಗೆ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನಾಲ್ಕು ವರ್ಷದವಳಿದ್ದಾಗ ಕರೆತಂದ ಮಗಳು ಆಗ ಹತ್ತೊಂಬತ್ತರವಳು, ಇಲ್ಲೇ ಓದುತ್ತಿದ್ದಳು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ, ಚುರುಕಾದ ಹುಡುಗಿ.

ನಾನು ಹೇಳಬೇಕಾದ ಸಂಗತಿ ನಡೆದದ್ದು ಆರು ವರ್ಷಗಳ ಹಿಂದೆ, ಒಂದು ಕಾಲೇಜಿನ ಆವರಣದಲ್ಲಿ.

ಆ ಕಾಲೇಜಿನಲ್ಲಿ ಐದು ವರ್ಷ ಹಳೆಯದಾದ ಒಂದು ಕಟ್ಟಡವಿತ್ತು. ನಡುವೆ ಮೂರು ಅಂತಸ್ತಿನ ಎತ್ತರಕ್ಕೆ ತೆರೆದುಕೊಂಡ, ಗಾಜು ಮತ್ತು ಕಾಂಕ್ರೀಟಿನ ದೊಡ್ಡ ಹಾಲ್. ಪಕ್ಕದಲ್ಲಿ ಗ್ರಂಥಾಲಯ. ನೆಲಮಾಳಿಗೆಯಲ್ಲಿ ಸಂಗೀತದ ಕೊಠಡಿಗಳು. ಹಾಲ್‌ನ ಗದ್ದಲ ಗ್ರಂಥಾಲಯಕ್ಕೆ ನುಗ್ಗುತ್ತದೆ, ಅದನ್ನು ನಿಲ್ಲಿಸಿಕೊಡಿ, ಹಾಗೆಯೇ ಇಡೀ ಆವರಣದ ಫಲಕಗಳನ್ನು ಹೊಸದಾಗಿ ಯೋಜಿಸಿಕೊಡಿ ಎಂದು ಕಾಲೇಜಿನವರು ನಮ್ಮನ್ನು ಕೇಳಿದ್ದರು.

ಫಲಕಗಳನ್ನು ಪರೀಕ್ಷಿಸಲು ಮೇಡಂ ಆರಿಸಿಕೊಂಡದ್ದು ನನ್ನ ಅತ್ತೆಯನ್ನು. ಮಗಳ ಬಾಣಂತನಕ್ಕೆಂದು ಮಂಡ್ಯದಿಂದ ಬಂದಿದ್ದ ಅವರಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. "ಅಂಥವರೇ ಬೇಕು. ಅವರಿಗೆ ದಾರಿ ಸಿಕ್ಕಿದ್ರೆ ಎಲ್ರಿಗೂ ಸಿಗುತ್ತೆ," ಎಂದು ಮೇಡಂ ತಾವೇ ಬಂದು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಸೀರೆ, ಮೇಲೆ ನನ್ನ ಜಾಕೆಟ್ಟು, ಕಾಲಿಗೆ ಸ್ನೀಕರ್ಸ್. ಕಾರು ನಿಲ್ಲಿಸಿದ ಜಾಗದಿಂದ ಗ್ರಂಥಾಲಯಕ್ಕೆ ಹೋಗಿ, ಅಲ್ಲಿಂದ ಶೌಚಾಲಯ ಹುಡುಕಿ, ಹೊರಗೆ ಬರಬೇಕು. ಯಾರನ್ನೂ ಕೇಳುವಂತಿಲ್ಲ. ನಾವಿಬ್ಬರೂ ಇಪ್ಪತ್ತು ಹೆಜ್ಜೆ ಹಿಂದೆ.

ಶೌಚಾಲಯದ ಚಿತ್ರ ಗುರುತಿಸಿ ಅತ್ತೆ ಗೆದ್ದರು. ಹೊರಗೆ ಬರುವಾಗ ಮಾತ್ರ, ಓಡುವ ಮನುಷ್ಯನ ಹಸಿರು ಚಿತ್ರವೂ ಬಾಣವೂ ಇದ್ದ ತುರ್ತು ದಾರಿಯ ಫಲಕವನ್ನು ನಂಬಿ ಹಿಂದಿನ ಮೆಟ್ಟಿಲಿಳಿದರು. ನಾವು ಅಲ್ಲಿಗೆ ಹೋಗುವಷ್ಟರಲ್ಲಿ ಬಾಗಿಲು ಅವರ ಹಿಂದೆ ಮುಚ್ಚಿಕೊಂಡಿತ್ತು. ಅದು ಹೊರಗಿನಿಂದ ತೆರೆಯದ ಬಾಗಿಲು. ಆಚೆಗೆ ಎತ್ತರದ ಗೋಡೆಯ ಒಂದು ಅಂಗಳ, ಕಸದ ಡಬ್ಬಿಗಳು, ಸರಪಳಿ ಬಿಗಿದ ಗೇಟು. ಗಾಜಿನ ಆಚೆ ನಿಂತು ಅತ್ತೆ ಕೂಗಿದರು: "ಬಾಣ ತೋರ್ಸ್ತು, ಬಂದೆ. ಈಗ ಒಳಿಕ್ಕೂ ಹೋಗಕ್ಕಾಗಲ್ಲ, ಆಚಿಕ್ಕೂ ಹೋಗಕ್ಕಾಗಲ್ಲ ಕಣವ್ವ!"

ನಾನು ನಕ್ಕೆ. ಮೇಡಂ ನಗಲಿಲ್ಲ. ಬಾಗಿಲು ತೆರೆದು ಅತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡರು. ಆ ಮಧ್ಯಾಹ್ನವೇ ಕಾಲೇಜಿನವರಿಗೆ ಹೇಳಿ ದೊಡ್ಡ ಹಾಲ್‌ನಲ್ಲಿ ಧ್ವನಿವರ್ಧಕದ ಮೂಲಕ ಒಂದು ಪ್ರಕಟಣೆ ಓದಿಸಿದರು. ಕೆಳಗೆ ನಿಂತಿದ್ದ ನಾನು ಕೇಳಿಸಿಕೊಂಡದ್ದನ್ನು ಬರೆಯಬೇಕು. ಹತ್ತು ವಾಕ್ಯದಲ್ಲಿ ಎರಡು ನನಗೆ ತಿಳಿಯಿತು. ಉಳಿದದ್ದು ಬಾವಿಯೊಳಗೆ ಯಾರೋ ಕೂಗಿದಂತಿತ್ತು.

ವರದಿಯ ಒಂಬತ್ತನೇ ಪುಟದಲ್ಲಿ ಅವರು ಈ ಎರಡನ್ನೂ ಬರೆದರು. ತುರ್ತು ಸಮಯದಲ್ಲಿ ಈ ಹಾಲ್‌ನ ಪ್ರಕಟಣೆ ಯಾರಿಗೂ ಅರ್ಥವಾಗುವುದಿಲ್ಲ. ಹಿಂದಿನ ಮೆಟ್ಟಿಲಿನ ಫಲಕ ಜನರನ್ನು ಬೀಗ ಹಾಕಿದ ಅಂಗಳಕ್ಕೆ ಕಳಿಸುತ್ತದೆ.

ನಮ್ಮ ಮಾಲೀಕರು ಧ್ವನಿ ಎತ್ತದ ಮನುಷ್ಯ. ಆ ಪುಟವನ್ನು ಓದಿ, ಅಷ್ಟೇ ಮೆಲ್ಲಗೆ, ಇದನ್ನು ತೆಗೆಯೋಣ ಎಂದರು. ಕಾಲೇಜಿನವರು ಕೇಳಿದ್ದು ಗ್ರಂಥಾಲಯದ ಗದ್ದಲದ ಬಗ್ಗೆ, ಇದರ ಬಗ್ಗೆ ಅಲ್ಲ ಎಂದರು. ಅವರು ಹೇಳದೆ ಬಿಟ್ಟ ಮಾತು ನಮ್ಮಿಬ್ಬರಿಗೂ ಗೊತ್ತಿತ್ತು. ಐದು ವರ್ಷದ ಹಿಂದೆ ಆ ಕಟ್ಟಡದ ಧ್ವನಿ ಮತ್ತು ಫಲಕಗಳನ್ನು ಯೋಜಿಸಿದ್ದು ನಮ್ಮದೇ ಕಚೇರಿ. ಆ ಪುಟ ನಮ್ಮ ತಪ್ಪನ್ನು ನಾವೇ ಬರೆದುಕೊಟ್ಟಂತೆ.

ಅದೇ ವಾರ ಮೇಡಂ ಅವರ ವೀಸಾ ನವೀಕರಣದ ಕಾಗದಗಳು ಮಾಲೀಕರ ಮೇಜಿನ ಮೇಲೆ ಸಹಿಗೆ ಕಾಯುತ್ತಿದ್ದವು. ಮೇಡಂ ವಾದಿಸಲಿಲ್ಲ. ಮುದ್ರಿಸಿದ ಆ ಪುಟವನ್ನು ನಾಲ್ಕಾಗಿ ಮಡಚಿ ಕೈಚೀಲಕ್ಕೆ ಹಾಕಿಕೊಂಡರು. ಕಾರಿನಲ್ಲಿ ಕೂತ ಮೇಲೆ ಬಹಳ ಹೊತ್ತು ಕೀಲಿ ತಿರುಗಿಸಲೇ ಇಲ್ಲ.

"ಹೆದರಿಬಿಟ್ಟೆ ಕಣ್ರೀ," ಅಂದರು. ಅಷ್ಟೇ.

ಇನ್ನು ಬಲೂನಿನ ವಿಷಯ. ಒಂದು ಹಾಲ್‌ನಲ್ಲಿ ಸದ್ದು ಎಷ್ಟು ಹೊತ್ತು ಸುತ್ತಾಡುತ್ತದೆ ಎಂದು ಅಳೆಯಲು ದೊಡ್ಡ ಬಲೂನನ್ನು ಊದಿ ಸೂಜಿಯಿಂದ ಒಡೆಯುವುದು ನಮ್ಮ ಕಸುಬಿನಲ್ಲಿ ಹಳೆಯ ಪದ್ಧತಿ. ಢಂ ಎನ್ನುವ ಆ ಸದ್ದನ್ನು ಯಂತ್ರ ದಾಖಲಿಸುತ್ತದೆ. ಅಮೆರಿಕದ ಕಾಲೇಜೊಂದರಲ್ಲಿ ಅಂಥ ಸದ್ದು ಕೇಳಿದರೆ ಜನ ಏನೆಂದುಕೊಳ್ಳುತ್ತಾರೆಂದು ಹೇಳಬೇಕಿಲ್ಲ. ಅದಕ್ಕೇ ಮೇಡಂ ಕಟ್ಟುನಿಟ್ಟಾಗಿ ಒಂದು ಕ್ರಮ ಇಟ್ಟುಕೊಂಡಿದ್ದರು. ಹಿಂದಿನ ದಿನ ಕಾಲೇಜಿನ ಭದ್ರತಾ ವಿಭಾಗಕ್ಕೆ ಮೇಲ್ ಹೋಗಬೇಕು. ಪರೀಕ್ಷೆಯ ದಿನ ಎಲ್ಲ ಬಾಗಿಲಿಗೂ ಸೂಚನೆ ಅಂಟಿಸಬೇಕು. ಎರಡೂ ನನ್ನ ಕೆಲಸ.

ಗ್ರಂಥಾಲಯದ ಗೋಡೆಯ ಲೆಕ್ಕಕ್ಕೆ ಕೊನೆಯ ಅಳತೆ ಬೇಕಿದ್ದ ದಿನ ನಾವು ಹೊರಟೆವು. ನನ್ನ ಹೆಂಡತಿಗೆ ದಿನ ತುಂಬುತ್ತಾ ಬಂದಿತ್ತು. ಹಿಂದಿನ ಮಧ್ಯಾಹ್ನ ಅವಳನ್ನು ತಪಾಸಣೆಗೆ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಕಚೇರಿಯಿಂದ ಅವಸರದಲ್ಲಿ ಎದ್ದಿದ್ದೆ. ಕಾರಿನಲ್ಲಿ ಮೇಡಂ ಕೇಳಿದರು, "ಸೆಕ್ಯುರಿಟಿಗೆ ಹೇಳಿದೀರಲ್ಲ?"

"ಹೇಳಿದೀನಿ ಮೇಡಂ."

ನಾನು ಸುಳ್ಳು ಹೇಳಲಿಲ್ಲ. ಹೇಳಿದ್ದೇನೆ ಎಂದೇ ನಂಬಿದ್ದೆ. ಸೂಚನೆಯನ್ನು ಮಾತ್ರ ಕೆಳಗಿನ ಬಾಗಿಲುಗಳಿಗಷ್ಟೇ ಅಂಟಿಸಿದೆ. ಮೇಲಿನ ಅಂತಸ್ತಿಗೆ ಹತ್ತಿ ಹೋಗಲು ಸೋಮಾರಿತನವಾಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ, ತರಗತಿಗಳು ನಡೆಯುತ್ತಾ ಹಾಲ್ ಖಾಲಿಯಿದ್ದಾಗ, ಮೇಡಂ ನಾಲ್ಕು ಬಲೂನು ಒಡೆದರು. ಒಂದೊಂದು ಮೂಲೆಯಲ್ಲಿ ಒಂದೊಂದು. ಆಮೇಲೆ ನೆಲಮಾಳಿಗೆಯ ಸಂಗೀತದ ಕೊಠಡಿಗೆ ಇಳಿದು ಯಂತ್ರ ಜೋಡಿಸತೊಡಗಿದೆವು. ದಪ್ಪ ಬಾಗಿಲು, ಗೋಡೆಗೆಲ್ಲ ಮೆತ್ತೆ. ಹೊರಗಿನದೇನೂ ಒಳಗೆ ಕೇಳಿಸದು.

ಹತ್ತು ನಿಮಿಷವಾಗಿರಬೇಕು. ಬಾಗಿಲು ತಟ್ಟನೆ ತೆರೆದು ಆರು ಜನ ವಿದ್ಯಾರ್ಥಿಗಳು ಒಳಗೆ ನುಗ್ಗಿದರು. ಬಾಗಿಲು ತೆರೆದಿದ್ದ ಆ ಎರಡು ಕ್ಷಣ, ಹಾಲ್‌ನ ಧ್ವನಿವರ್ಧಕದಿಂದ ಯಾರೋ ಏನೋ ಕೂಗುತ್ತಿರುವುದು ಕೇಳಿಸಿತು. ಒಂದು ಪದವೂ ತಿಳಿಯಲಿಲ್ಲ. ಒಬ್ಬ ಹುಡುಗಿ ಬಾಗಿಲು ಮುಚ್ಚಿ, ದೀಪ ಆರಿಸಿ, ಪಿಯಾನೋವನ್ನು ಬಾಗಿಲಿಗೆ ಅಡ್ಡ ತಳ್ಳಿರಿ ಎಂದಳು. ತಳ್ಳಿದೆವು. ಎಲ್ಲರೂ ನೆಲದ ಮೇಲೆ ಕೂತೆವು.

"ಏನಾಯಿತು?" ಎಂದು ಮೇಡಂ ಕೇಳಿದರು.

"ಯಾರೋ ಗುಂಡು ಹಾರಿಸ್ತಿದ್ದಾರೆ. ಹೊರಗೆ ಓಡಿ ಅಂತಿದ್ದಾರೋ ಒಳಗೇ ಇರಿ ಅಂತಿದ್ದಾರೋ ಗೊತ್ತಾಗ್ತಿಲ್ಲ," ಎಂದ ಒಬ್ಬ ಹುಡುಗ. ಇನ್ನೊಬ್ಬಳು ತಾಯಿಗೆ ಮೆಸೇಜ್ ಬರೆಯುತ್ತಿದ್ದಳು. ಬರೆದದ್ದನ್ನು ಅಳಿಸಿ ಮತ್ತೆ ಬರೆಯುತ್ತಿದ್ದಳು. ನನಗೆ ಮಗುವಿನ ಮುಖ ನೋಡದೆಯೇ ಹೋಗುತ್ತೇನೆ ಎನ್ನುವುದೊಂದೇ ಯೋಚನೆ.

ಬಾಗಿಲಿನ ಪಕ್ಕ ಕೂತಿದ್ದ ಹುಡುಗಿಯ ಫೋನಿಗೆ ಕಾಲೇಜಿನ ಎಚ್ಚರಿಕೆ ಬಂತು. ಪಿಸುಗುಟ್ಟಿ ಓದಿದಳು: ದೊಡ್ಡ ಹಾಲ್‌ನಲ್ಲಿ ನಾಲ್ಕು ಗುಂಡಿನ ಸದ್ದು.

ಕತ್ತಲಿನಲ್ಲಿ ಮೇಡಂ ನನ್ನ ಕಡೆ ತಿರುಗಿದ್ದು ತಿಳಿಯಿತು. ಕನ್ನಡದಲ್ಲಿ, ಬಹಳ ಮೆಲ್ಲಗೆ ಕೇಳಿದರು:

"ನಾಲ್ಕು. ಮೇಲ್ ಕಳ್ಸಿದ್ರಿ ತಾನೇ?"

ಫೋನ್ ತೆರೆದೆ. ಮೇಲ್ ಇತ್ತು. ವಿಳಾಸ, ದಿನಾಂಕ, ಸಮಯ, ಬಲೂನು ಎನ್ನುವ ಪದ, ಎಲ್ಲ ಸರಿಯಾಗಿಯೇ ಇತ್ತು. ಕಳಿಸದೆ ಉಳಿದ ಕರಡುಗಳ ನಡುವೆ ಇತ್ತು.

ಫೋನನ್ನು ಅವರ ಕಡೆ ಹಿಡಿದೆ. ಆ ಬೆಳಕಿನಲ್ಲಿ ಅವರ ಮುಖ ಕಂಡಿತು. ಕೋಪವಿರಲಿಲ್ಲ. ಸದ್ದು ಅಡಗುವುದನ್ನು ಕಾಯುವಾಗ ಹೇಗಿರುತ್ತಿತ್ತೋ ಹಾಗೇ ಇತ್ತು.

"ನೀವು ಏನೂ ಮಾತಾಡ್ಬೇಡಿ," ಅಂದರು. "ಟೆಸ್ಟ್ ನಂದು. ಕೇಳಿದ್ರೂ ನಂಗೊತ್ತಿಲ್ಲ ಅನ್ನಿ."

ಆಮೇಲೆ ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ, ಪಾಠ ಹೇಳುವ ಧ್ವನಿಯಲ್ಲಿ ಹೇಳಿದರು: ಆ ಸದ್ದು ಮಾಡಿದ್ದು ನಾನು. ಅದು ಬಲೂನು. ಬಂದೂಕು ಹಿಡಿದವರು ಯಾರೂ ಇಲ್ಲ. ನೀವು ಅಮ್ಮಂದಿರಿಗೆ ಹಾಗೆಂದು ಬರೆಯಿರಿ. ಒಬ್ಬ ಹುಡುಗ ನಂಬಲಿಲ್ಲ. ಅವರು ಚೀಲ ತೆರೆದು ಉಳಿದ ಬಲೂನುಗಳನ್ನು ಅವನ ಕೈಗಿಟ್ಟರು. ಅವನು ಅವನ್ನು ಹಿಡಿದುಕೊಂಡೇ ಅಳತೊಡಗಿದ.

ಮೇಡಂ ಪೊಲೀಸರಿಗೆ ಫೋನ್ ಮಾಡಿದರು. ಹೊರಗೆ ಬರಬೇಡಿ, ನಾವು ಬರುವವರೆಗೆ ಕದಲಬೇಡಿ ಎಂದು ಆ ಕಡೆಯ ದನಿ ಹೇಳಿತು. ಸತ್ಯ ಗೊತ್ತಾದ ಮೇಲೂ ಆ ಕೋಣೆಯಲ್ಲಿ ನಲವತ್ತು ನಿಮಿಷ ಕೂತಿದ್ದೆವು. ಪೊಲೀಸರು ಬಂದಾಗ ಕೈ ಮೇಲೆತ್ತಿ ಒಬ್ಬೊಬ್ಬರಾಗಿ ಹೊರಬಂದೆವು. ಮೇಡಂ ಮೊದಲು ಹೋದರು. ಅವರ ಕೈಗಳನ್ನು ಹಿಂದಕ್ಕೆ ತಿರುಗಿಸಿ ಕಟ್ಟಿ, ಕಾರಿನಲ್ಲಿ ಕೂರಿಸಿ, ಎರಡು ಗಂಟೆ ವಿಚಾರಿಸಿದರು. ನನ್ನನ್ನು ಐದು ನಿಮಿಷ ಕೇಳಿದರು. ನಂಗೊತ್ತಿಲ್ಲ ಎಂದೆ.

ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಪ್ರಕಟಣೆ ಅರ್ಥವಾಗದೆ ಗ್ರಂಥಾಲಯದಿಂದ ಹತ್ತಾರು ಜನ ಹಿಂದಿನ ಮೆಟ್ಟಿಲಿಳಿದು ಆ ಅಂಗಳಕ್ಕೆ ಓಡಿದ್ದರು. ಬಾಗಿಲು ಮುಚ್ಚಿಕೊಂಡಿತು. ಗೇಟಿಗೆ ಸರಪಳಿ. ಗುಂಡು ಹಾರಿಸುವವನು ಯಾವ ಕ್ಷಣದಲ್ಲಾದರೂ ಬರುತ್ತಾನೆಂಬ ಭಯದಲ್ಲಿ ಕಸದ ಡಬ್ಬಿಗಳ ಮೇಲೇರಿ ಗೋಡೆ ದಾಟಲು ಹೋದರು. ಗ್ರಂಥಾಲಯದಲ್ಲಿ ಕೆಲಸ ಮಾಡುವ, ನಿವೃತ್ತಿಗೆ ಹತ್ತಿರವಿದ್ದ ಹೆಂಗಸೊಬ್ಬರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರು.

ಮೇಡಂ ಮೂರು ದಿನದ ಮೇಲೆ ಆಕೆಯನ್ನು ನೋಡಲು ಆಸ್ಪತ್ರೆಗೆ ಹೋದರು. ಹೋಗಬೇಡಿ, ವಕೀಲರು ಏನಂತಾರೋ ಎಂದು ಕಚೇರಿಯಲ್ಲಿ ಎಲ್ಲರೂ ಹೇಳಿದ್ದರು. ಮರಳಿ ಬಂದಾಗ ಏನಾಯಿತೆಂದು ಕೇಳಿದೆ. "ಬೈದ್ರು. ಚಿಕ್ಕ ರೂಮು, ಪ್ರತಿ ಮಾತೂ ಸ್ಪಷ್ಟವಾಗಿ ಕೇಳಿಸ್ತು," ಅಂದರು.

ಮರುವಾರ ಕಾಲೇಜಿನಲ್ಲಿ ವಿಚಾರಣೆಯ ಸಭೆ. ಭದ್ರತಾ ವಿಭಾಗದ ಮುಖ್ಯಸ್ಥ, ಕಾಲೇಜಿನ ಇಬ್ಬರು ಅಧಿಕಾರಿಗಳು, ನಮ್ಮ ಮಾಲೀಕರು, ಮೇಡಂ, ನಾನು. ನಮಗೇಕೆ ಮುಂಚೆ ತಿಳಿಸಲಿಲ್ಲ ಎಂದು ಮುಖ್ಯಸ್ಥ ಕೇಳಿದ. ನಾನು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಮೇಡಂ ತಮ್ಮ ಮುಂದಿದ್ದ ನೀರಿನ ಲೋಟವನ್ನು ನನ್ನ ಕಡೆ ಸರಿಸಿ, "ಅದು ನನ್ನ ಜವಾಬ್ದಾರಿ. ಮೇಲ್ ಹೋಗಿಲ್ಲ. ತಪ್ಪು ನನ್ನದು," ಎಂದರು.

ನಾನು ಲೋಟ ಎತ್ತಿ ನೀರು ಕುಡಿದೆ.

ಆಮೇಲೆ ಅವರು ಕೈಚೀಲದಿಂದ ಮಡಚಿದ ಕಾಗದ ತೆಗೆದು, ಬಿಡಿಸಿ, ಅಂಗೈಯಿಂದ ನೇವರಿಸಿ ಮೇಜಿನ ನಡುವೆ ಇಟ್ಟರು. "ಬಲೂನು ನನ್ನ ತಪ್ಪು. ಆದರೆ ನಿಜವಾದ ಬಂದೂಕೇ ಬಂದಿದ್ದರೂ ಆ ಜನ ಅದೇ ಅಂಗಳಕ್ಕೇ ಓಡುತ್ತಿದ್ದರು. ಇದು ನನಗೆ ಮೊದಲೇ ಗೊತ್ತಿತ್ತು. ಬರೆದಿದ್ದೆ. ಹೆದರಿ ಕೊಡಲಿಲ್ಲ. ಈಗ ಓದಿ."

ಶುಕ್ರವಾರ ಮಾಲೀಕರು ಮೇಡಂ ಅವರನ್ನು ಕೆಲಸದಿಂದ ತೆಗೆದರು. ಕಾರಣ: ಸುರಕ್ಷತಾ ಕ್ರಮದಲ್ಲಿ ಅಜಾಗರೂಕತೆ.

ಆ ಅರವತ್ತು ದಿನ ಅವರು ಕೆಲಸ ಹುಡುಕಿದರು. ಇಲ್ಲಿ ನಮ್ಮ ಕಸುಬಿನವರೆಲ್ಲ ಒಬ್ಬರಿಗೊಬ್ಬರು ಪರಿಚಿತರು. ಬಲೂನಿನ ಕಥೆ ಅವರಿಗಿಂತ ಮುಂಚೆ ಎಲ್ಲ ಕಡೆ ತಲುಪಿರುತ್ತಿತ್ತು. ಹದಿನೆಂಟನೇ ದಿನ ನನಗೆ ಮಗ ಹುಟ್ಟಿದ. ಮೇಡಂ ಆಸ್ಪತ್ರೆಗೆ ಬಂದರು, ತೊಟ್ಟಿಲ ಪಕ್ಕ ಕೂತರು. ಹೆಂಡತಿ ನಿದ್ದೆಯಲ್ಲಿದ್ದಳು.

"ಮೇಡಂ, ನಾನು ನಾಳೆ ಹೋಗಿ ಹೇಳ್ಬಿಡ್ತೀನಿ," ಅಂದೆ.

"ಹೇಳಿದ್ರೆ ನನ್ನ ಕೆಲ್ಸ ವಾಪಸ್ ಬರುತ್ತಾ? ಆ ಪೇಪರ್ ಇಟ್ಮೇಲೆ ಬರಲ್ಲ. ನಿಮ್ಮದೂ ಹೋಗುತ್ತೆ. ಅದರ ಜೊತೆ ಆಸ್ಪತ್ರೆ ಇನ್ಶೂರೆನ್ಸೂ ಹೋಗುತ್ತೆ. ಇವನು ಹುಟ್ಟಿ ಇನ್ನೂ ಎರಡು ದಿನ." ಮಗುವಿನ ಮುಷ್ಟಿಯೊಳಗೆ ತಮ್ಮ ಬೆರಳು ತೂರಿಸಿದರು. "ಸುಮ್ನಿರಿ."

ಅದು ಅವರ ಒಳ್ಳೆಯತನ. ಆ ಮಾತು ಕೇಳಿ ನನಗಾದದ್ದು ಮಾತ್ರ ಬಿಡುಗಡೆಯ ಸಮಾಧಾನ. ಅದನ್ನು ಮುಚ್ಚಿಟ್ಟು ಈ ಬರಹ ಬರೆದರೆ ಅರ್ಥವಿಲ್ಲ.

ಐವತ್ತೇಳನೇ ದಿನ ಅವರು ಹೊರಟರು. ಮಗಳು ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಂಡು ಇಲ್ಲೇ ಉಳಿದಳು. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟುಬಂದೆ. ತಾಯಿ ಮಗಳು ಹಿಂದಿನ ಸೀಟಿನಲ್ಲಿ ಒಂದೊಂದು ಕಿಟಕಿಗೆ ಅಂಟಿಕೊಂಡು ಕೂತಿದ್ದರು. ದಾರಿಯುದ್ದಕ್ಕೂ ಮಾತಿಲ್ಲ. ತಾಯಿಯನ್ನು ಕಳಿಸುವ ದುಃಖ ಎಂದುಕೊಂಡೆ.

ಕಾಲೇಜಿನವರು ಬೇರೆ ಕಂಪನಿಯನ್ನು ಕರೆಸಿ ಒಂಬತ್ತನೇ ಪುಟದಲ್ಲಿದ್ದುದನ್ನೆಲ್ಲ ಮಾಡಿಸಿದರು. ಹಾಲ್‌ಗೆ ಈಗ ಮೆತ್ತೆಯ ಹಲಗೆಗಳಿವೆ, ತಲೆಯ ಹತ್ತಿರವೇ ಸಣ್ಣ ಧ್ವನಿವರ್ಧಕಗಳಿವೆ. ಆ ಅಂಗಳದ ಗೇಟು ಒಳಗಿನಿಂದ ತಳ್ಳಿದರೆ ತೆರೆಯುತ್ತದೆ. ಮೇಡಂ ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದು ಎರಡು ಕಾಲೇಜುಗಳಿಗೆ ಪಾಠ ಹೇಳಲು ಹೋಗುತ್ತಿದ್ದರು. ನನಗೆ ವರ್ಷಕ್ಕೊಮ್ಮೆ, ಮಗನ ಹುಟ್ಟುಹಬ್ಬಕ್ಕೆ ಫೋನ್ ಮಾಡುತ್ತಿದ್ದರು. ಆ ವಿಷಯ ಎಂದೂ ಎತ್ತಲಿಲ್ಲ. ಕಳೆದ ತಿಂಗಳು, ಕ್ಯಾನ್ಸರ್ ಎಂದು ತಿಳಿದ ನಾಲ್ಕೇ ತಿಂಗಳಿಗೆ, ತೀರಿಕೊಂಡರು.

ನಾನು ಇನ್ನೂ ಅದೇ ಕಚೇರಿಯಲ್ಲಿದ್ದೇನೆ, ಅದೇ ಸರದಿಯಲ್ಲಿದ್ದೇನೆ, ಅವರ ಹುದ್ದೆಯಲ್ಲಿದ್ದೇನೆ. ಸುದ್ದಿ ಬಂದ ಸೋಮವಾರ ಮಾಲೀಕರ ಕೋಣೆಗೆ ಹೋಗಿ ಹೇಳಿದೆ. ಪಾಪ, ಒಳ್ಳೆಯ ಕೆಲಸಗಾರ್ತಿ ಎಂದರು. ಬಾಗಿಲು ಮುಚ್ಚಿ, ಅವತ್ತು ಮೇಲ್ ಕಳಿಸಬೇಕಿದ್ದವನು ನಾನು ಎಂದೆ.

"ಅದು ನನಗೆ ಅವತ್ತೇ ಗೊತ್ತಿತ್ತು," ಎಂದರು, ಯಾವತ್ತಿನ ಮೆಲುದನಿಯಲ್ಲೇ. "ಕೆಲಸದ ಪಟ್ಟಿಯಲ್ಲಿ ನಿನ್ನ ಹೆಸರಿತ್ತು."

"ಮತ್ತೆ?"

"ಆಕೆ ತಾನೇ ಹೊತ್ತುಕೊಂಡಳು. ಆ ಕಾಗದ ಹೊರಗೆ ತೆಗೆದ ಮೇಲೆ ನಮಗೆ ಅದೇ ಅನುಕೂಲವಾಯಿತು." ಆಮೇಲೆ, "ನಿನ್ನ ವೀಸಾ ನವೀಕರಣ ಈ ವರ್ಷ ಅಲ್ಲವೇ?" ಎಂದು ಕೇಳಿದರು. ಬೆದರಿಕೆಯೋ, ಬರಿಯ ವಿಚಾರಣೆಯೋ, ಇವತ್ತಿಗೂ ತಿಳಿಯದು. ಹೌದು ಎಂದು ಹೇಳಿ ಎದ್ದು ಬಂದೆ. ರಾಜೀನಾಮೆ ಕೊಡಲಿಲ್ಲ.

ಮೇಡಂ ಅವರ ಮಗಳು ಊರಿಂದ ಮರಳಿದಳೆಂದು ತಿಳಿದ ಮೇಲೆ, ಭಾನುವಾರ ಕೆನ್ಮೋರ್‌ನ ಅವಳ ಮನೆಗೆ ಹೋದೆ. ಈಗ ಇಪ್ಪತ್ತೈದರವಳು, ಕೆಲಸದಲ್ಲಿದ್ದಾಳೆ, ಅವಳದೂ ಅದೇ ವೀಸಾ. ಟೀ ಮಾಡಿಕೊಟ್ಟಳು. ಮಾಲೀಕರು ಹೇಳಿದ್ದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ತಪ್ಪು ತಿಳಿಯಬಾರದೆಂದು ಮೇಲ್‌ನ ಮಾತನ್ನು ಎರಡು ಸಲ ಇಂಗ್ಲಿಷಿನಲ್ಲಿ ಹೇಳಿದೆ.



"ತಾನೇ ಮರೆತೆ ಅಂತ ಅಮ್ಮ ನನಗೂ ಹೇಳಿದ್ಲು," ಅಂದಳು, ತಡವರಿಸುವ ಕನ್ನಡದಲ್ಲಿ. "ಪ್ರತಿ ಸಂಡೇ ಕಾಲ್ ಮಾಡೋಳು. ನಂಗೆ ಇಲ್ಲಿ ಏನಾದ್ರೂ ಕಷ್ಟ ಆದಾಗೆಲ್ಲ ನಾನು ಅಂತಿದ್ದೆ, ಒನ್ ಇಮೇಲ್, ಅಮ್ಮಾ. ಯು ಹ್ಯಾಡ್ ಟು ಸೆಂಡ್ ಒನ್ ಇಮೇಲ್."

"ಮೇಡಂ ಏನಂತಿದ್ರು?" ಕೇಳಬಾರದಿತ್ತು. ಕೇಳಿದೆ.

"ತಪ್ಪಾಯ್ತು ಕಣೇ, ಅಂತಿದ್ಲು. ಎವ್ರಿ ಟೈಮ್." ನನ್ನ ಮುಂದಿದ್ದ ಲೋಟ ತೆಗೆದುಕೊಂಡು ಎದ್ದು ನಿಂತಳು. ಟೀ ಅರ್ಧ ಹಾಗೇ ಇತ್ತು. "ಹರ್ ಲಾಸ್ಟ್ ವೀಕ್, ಹಾಸ್ಪಿಟಲ್‌ನಲ್ಲಿ, ನಾನು ಅಮ್ಮಂಗೆ ಹೇಳ್ದೆ ಅಂಕಲ್. ಪರವಾಗಿಲ್ಲ ಅಮ್ಮ, ನಾನು ಕ್ಷಮಿಸಿದೀನಿ, ಅಂತ."

ಅಡುಗೆಮನೆಯ ನಲ್ಲಿಯ ಕೆಳಗೆ ಲೋಟ ಹಿಡಿದು, ನನಗೆ ಬೆನ್ನು ಮಾಡಿಕೊಂಡೇ ಹೇಳಿದಳು:

"ಅದಕ್ಕೆ ಅವಳು ಥ್ಯಾಂಕ್ಸ್ ಕಣೇ ಅಂದ್ಲು."